ನನ್ನ ಮೆಚ್ಚಿನ ಸಿನಿಮಾ 'ತರ್ಕ'

ನನಗೆ ಸಿನಿಮಾ ಎಂದರೆ ಬಹಳ ಇಷ್ಟ. ಅದರಲ್ಲೂ 'ತರ್ಕ' ತುಂಬಾ ಇಷ್ಟ. ಇದು 1989ರಲ್ಲಿ ಬಂದಿತು. ನಿರ್ದೇಶಕರು ಸುನೀಲ್ ಕುಮಾರ್ ದೇಸಾಯಿ. ಶಂಕರ್ ನಾಗ್, ದೇವರಾಜ್, ವನಿತಾ ವಾಸು ನಟಿಸಿದ್ದಾರೆ. ಇದರಾಗ ಒಂದೂ ಹಾಡಿಲ್ಲ! ಒಂದು ಕೊಲೆ ಆಗಿರುತ್ತದೆ. ಮಾಡಿದವರು ಯಾರು ಎಂಬುದೇ ಕಥೆ.

ನಮ್ಮಪ್ಪ ಹೈದರಾಬಾದಿನಲ್ಲಿ ಗೌಂಡಿ ಕೆಲಸ ಮಾಡುತ್ತಾರೆ. ಯುಗಾದಿಗೆ ಚಂದ್ರಂಪಳ್ಳಿಗೆ ಬಂದಾಗ ಮೊಬೈಲಿನಲ್ಲಿ ಈ ಸಿನಿಮಾ ಹಚ್ಚಿದರು. ಅರ್ಧಕ್ಕೆ ಚಾರ್ಜ್ ಮುಗಿಯಿತು, ಕರೆಂಟೂ ಇರಲಿಲ್ಲ. ಬೆಳಿಗ್ಗೆ ನಾನು ಏಳುವುದರೊಳಗೆ ಅಪ್ಪ ಬಸ್ಸಿಗೆ ಹೋಗಿಬಿಟ್ಟಿದ್ದರು. ಫೋನಿನಲ್ಲಿ "ಯಾರು ಕೊಂದಾರ, ಹೇಳಪ್ಪ" ಎಂದು ಕೇಳಿದೆ. "ಹೇಳಿದ್ರ ಮಜಾ ಹೋಗ್ತದ. ನಾ ಬಂದ ಮ್ಯಾಲ ಕೂಡೇ ನೋಡಮು" ಎಂದರು. ಬೇರೆಯವರ ಮೊಬೈಲಿನಲ್ಲಿ ನೋಡಬಹುದಿತ್ತು. ನಾನು ನೋಡಲಿಲ್ಲ.

ದಸರೆಗೆ ಅಪ್ಪ ಬಂದರು. ಕೊನೆತನಕ ನೋಡಿದೆವು. ಅಪ್ಪ ಸಿನಿಮಾ ಬಿಟ್ಟು ನನ್ನ ಮುಖವನ್ನೇ ನೋಡಿ ನಗುತ್ತಿದ್ದರು. ಮರುದಿನ ಮತ್ತೊಮ್ಮೆ ನೋಡಿದೆವು. ಕೊಂದವರು ಯಾರೆಂದು ಗೊತ್ತಿದ್ದರೂ ಎದೆ ಡವಡವ ಅಂತು. ಈ ಸಲ ಯಾರು ಎಲ್ಲಿ ಸುಳ್ಳು ಹೇಳಿದರು ಎಂದು ಹುಡುಕಿದೆ. ಅದಕ್ಕೇ ಇಂಥ ಸಿನಿಮಾ ಹಳೆಯದಾಗುವುದಿಲ್ಲ.

ಈಗ ನನ್ನ ತಂಗಿ ದಿನಾ ಕೇಳುತ್ತಾಳೆ. ನಾನು ಹೇಳಿಲ್ಲ. ಯುಗಾದಿಗೆ ಅಪ್ಪ ಬರಲಿ.

— 7ನೇ ತರಗತಿ