ಚೆಂಡು ಪುಟೀತೈತಿ, ಕಬ್ಬು ಚಿಗೀತೈತಿ

ಇವತ್ತು ಗೊಬ್ಬರದ್ದೂ ಅಲ್ಲ, ಔಷಧದ್ದೂ ಅಲ್ಲ, ಒಂದು ಶಬ್ದದ ಬಗ್ಗೆ ಬರೀತೀನಿ. ಸ್ವಲ್ಪ ಉದ್ದ ಆಗ್ತೈತಿ, ಓದ್ರಿ.

ಮೊನ್ನೆ ನಮ್ಮ ಬಾಜೂ ಹೊಲದ ಹುಡುಗ ಬದುವಿನ ಮ್ಯಾಲೆ ಸುಮ್ಮನೆ ಕುಂತಿದ್ದ. ಹೊಳಿ ನೀರು ಅವನ ಕಬ್ಬಿನಾಗ ಎಂಟು ದಿವಸ ನಿಂತು ಇಳಿದೈತಿ. ಹೋಗೋರು ಬರೋರು ಎಲ್ಲಾರೂ ಒಂದ ಮಾತು ಹೇಳ್ತಿದ್ರು, "ಧೈರ್ಯ ಬಿಡಬ್ಯಾಡೋ ತಮ್ಮಾ, ಪುಟಿದೇಳಬೇಕು." ನಾನೂ ಅದನ್ನ ಹೇಳಾಕ ಹೋಗಿ ಬಾಯಿ ಮುಚ್ಚಿಕೊಂಡೆ. ಆ ಮಾತು ಕೇಳಿ ನಾನು ಒಂದು ಎಕರೆ ಕಳಕೊಂಡಾಂವ.

ಈ ಪುಟಿದೇಳೋದು ನಮ್ಮ ಮನಿ ಮಾತಲ್ಲ. ಪುಟಿಯೋದು ಗೊತ್ತೈತಿ. ಚೆಂಡು ಪುಟೀತೈತಿ. ಕಾರಂಜಿ ನೀರು ಪುಟೀತೈತಿ. ಆದರೆ ಮನುಷ್ಯ ಪುಟಿದೇಳೋದನ್ನ ನಾನು ಮೊದಲು ಓದಿದ್ದು ಪೇಪರಿನಾಗ. ಕ್ರಿಕೆಟ್ ತಂಡ ಸೋತು ಗೆದ್ದರ ಪುಟಿದೆದ್ದಿತು, ಷೇರುಪೇಟೆ ಬಿದ್ದು ಏರಿದರ ಪುಟಿದೆದ್ದಿತು. ಅಲ್ಲಿಗೆ ಬರೋಬ್ಬರಿ ಐತಿ, ಯಾಕಂದ್ರ ಅಲ್ಲಿ ಬೀಳೋದೂ ಲಗೂ, ಏಳೋದೂ ಲಗೂ. ಚೆಂಡು ಪುಟಿಯಬೇಕಂದ್ರ ಕೆಳಗ ಗಟ್ಟಿ ನೆಲ ಬೇಕು. ರಾಡಿಯೊಳಗ ಚೆಂಡು ಒಗೆದು ನೋಡ್ರಿ, ಪಚ್ ಅಂತ ಅಲ್ಲೇ ಕುಂದರತೈತಿ.

2019ರ ಆಗಸ್ಟ್ ನಿಮಗೆಲ್ಲಾ ನೆನಪೈತಿ. 2005ರಾಗ ನೀರು ಕಂಡಿದ್ದೆವು, ಆಮೇಲೆ 2021ರಾಗೂ ಬಂತು, ಆದರೆ ಆ ವರ್ಷದ್ದು ಬ್ಯಾರೆ. ಮಹಾರಾಷ್ಟ್ರದಾಗ ಮಳೆ, ಮ್ಯಾಲಿನ ಡ್ಯಾಮುಗಳಿಂದ ನೀರು, ಕೃಷ್ಣೆ ಎರಡೂ ದಂಡಿ ಬಿಟ್ಟು ಹರಿದಳು. ಹೊಳಿ ಕಡೆ ಇದ್ದ ನನ್ನ ಎರಡು ಎಕರೆ ಹನ್ನೆರಡು ದಿವಸ ನೀರಾಗಿತ್ತು. ಇಳಿದ ಮ್ಯಾಲೆ ನೋಡಿದರೆ ಕಬ್ಬು ಮಲಗಿತ್ತು, ಸುಳಿ ಕೊಳೆತಿತ್ತು, ಸಾಲು ಯಾವುದು ಬೋದು ಯಾವುದು ತಿಳೀಲಾರದಂಗ ಗೋಡು ತುಂಬಿತ್ತು. ನಾರುವ ವಾಸನೆ ತಿಂಗಳಾದರೂ ಮೂಗಿನಿಂದ ಹೋಗಲಿಲ್ಲ.

ಆಗ ಎಲ್ಲೆಲ್ಲೂ ಅದ ಮಾತು. ಮೈಕಿನಾಗ, ಪೇಪರಿನಾಗ, ವಾಟ್ಸಾಪಿನಾಗ, ರೈತ ಪುಟಿದೇಳಬೇಕು. ನನಗೂ ಹುರುಪು ಬಂತು. ಕೈಗಡ ಸಾಲ ಮಾಡಿ, ಟ್ರ್ಯಾಕ್ಟರ್ ಹಚ್ಚಿ, ಒಂದು ಎಕರೆ ಪೂರಾ ಕಿತ್ತು ಹಾಕಿಸಿದೆ. ಎರಿ ಮಣ್ಣು ಇನ್ನೂ ಹಸಿ ಇತ್ತು, ಕಾಲಿಟ್ಟರೆ ಪಾದ ಹಿಡೀತಿತ್ತು. ಆದರೂ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿಸಿದೆ. ಅಕ್ಟೋಬರದಾಗ ಮತ್ತ ಮಳೆ ಹೊಡೀತು. ಹದಿನೈದು ದಿವಸ ಬಿಟ್ಟು ತುಂಡು ಅಗದು ನೋಡಿದರೆ ಒಳಗ ಕೆಂಪಗಾಗಿ ಕೊಳೆತು ಹುಳಿ ವಾಸನೆ. ಬೀಜ, ಆಳು, ಟ್ರ್ಯಾಕ್ಟರ್ ಬಾಡಿಗೆ ಎಲ್ಲಾ ನೀರಾಗ ಹೋಮ.

ಇನ್ನೊಂದು ಎಕರೆ ಯಾಕ ಉಳೀತು ಅಂದ್ರ ರೊಕ್ಕ ತೀರಿತ್ತು, ಅಷ್ಟ. ಶಾಣ್ಯಾತನ ಏನಲ್ಲ.

ಒಂದಿನ ಅವ್ವ ಬುತ್ತಿ ತಂದಳು. ಆಕೀಗೆ ಆಗ ಎಪ್ಪತ್ತು ದಾಟಿತ್ತು. ಬುತ್ತಿ ಇಟ್ಟು, ರವದಿ ಸರಿಸಿ, ಕೋಲಿಲೆ ಬುಡ ಕೆದರಿದಳು. "ಬಾ ಇಲ್ಲಿ ನೋಡು. ಬುಡ ಚಿಗ್ಯಾಕತ್ತೈತಿ. ನೀ ಯಾಕ ಗಡಬಡ ಮಾಡ್ತಿ? ಮೊದಲ ನೀ ಸುಧಾರಿಸ್ಕೊ" ಅಂದಳು. ನೆಲದ ಕೆಳಗಿನ ಕಣ್ಣು ಬೆಳ್ಳಗೆ ಉಬ್ಬಿತ್ತು.

ಅವ್ವನ ಮಾತಿನಾಗ ಎರಡು ಶಬ್ದ ಇದ್ದವು. ಬಿಸಿಲಾಗ ನಡೆದು ಬಂದವರಿಗೆ ನಾವು "ಒಂದೀಟು ಸುಧಾರಿಸ್ಕೋರಿ, ನೀರು ಕುಡೀರಿ" ಅಂತೀವಿ. ಅಂದ್ರ ದಮ್ಮು ತಗೋರಿ, ಏಳಾಕ ಅವಸರ ಇಲ್ಲ. ಆ ಮಾತು ಮನುಷ್ಯಗ. ಚಿಗಿಯೋದು ಬೆಳಿಗೆ. ಪುಟಿದೇಳು ಅಂತ ಯಾರಿಗೆ ಬೇಕಾದರೂ ಹುಕುಂ ಕೊಡಬಹುದು. ಆದರೆ ಬುಡದ ಮುಂದ ನಿಂತು "ಚಿಗಿ" ಅಂದವರನ್ನ ನಾ ನೋಡಿಲ್ಲ. ಚಿಗಿತೈತೇನು ಅಂತ ಕೇಳ್ತೀವಿ, ಇಲ್ಲಾ ಚಿಗಿತೈತಿ ತಡಿ ಅಂತೀವಿ. ನೆಲ ಆರಬೇಕು, ಬೇರಿಗೆ ಗಾಳಿ ಆಡಬೇಕು, ಅದು ತನ್ನ ಟೈಮಿಗೆ ಬರತೈತಿ.

ಎಲ್ಲಾ ಚಿಗೀತು ಅಂತ ನಾ ಸುಳ್ಳು ಹೇಳಾಂಗಿಲ್ಲ. ನೀರು ಕೊನೀತನಕ ನಿಂತ ಮೂಲಿಯೊಳಗ ಏಳೆಂಟು ಗುಂಟೆ ಸತ್ತೇ ಹೋಗಿತ್ತು. ಉಳಿದದ್ದನ್ನ ನೆಲಕ್ಕ ಹತ್ತಿ ಕೊಯ್ಸಿದೆ, ಯಾಕಂದ್ರ ಮ್ಯಾಲೆ ಮೋಟು ಬಿಟ್ಟರೆ ಮ್ಯಾಲಿನ ಕಣ್ಣು ಒಡೆದು ಮರಿ ಬಲ ಇಲ್ಲದಂಗ ಬರತಾವು. ರವದಿ ಸುಡಲಿಲ್ಲ, ಸಾಲಿನಾಗ ಹಾಕಿದೆ. ಸಂದು ಬಿದ್ದಲ್ಲಿ ಸಸಿ ಹಚ್ಚಿದೆ. ಆ ಕೂಳೆ ಕಬ್ಬು ಮೊದಲನೇ ವರ್ಷ ತೂಕ ಬರಲಿಲ್ಲ, ಸಾಲಕ್ಕ ಸಾಲಲಿಲ್ಲ. ಎರಡನೇ ಕೂಳೆಗೆ ಸುಮಾರಾಯಿತು. ಕೈಗಡ ತೀರಿದ್ದು ಮೂರನೇ ವರ್ಷ. ಪೇಪರಿನವರ ಲೆಕ್ಕದಾಗ ಇದಕ್ಕ ಪುಟಿದೇಳೋದು ಅಂತಾರೋ ಇಲ್ಲೋ.

ಅವ್ವ ಈಗಿಲ್ಲ.

ಆ ಹುಡುಗಗ ಮೊನ್ನೆ ನಾ ಅಂದದ್ದು ಇಷ್ಟ, "ಚಾ ಕುಡಿಯೋಣ ಬಾ." ಅವನ ಅಪ್ಪಗ ಮಾತ್ರ, ಇನ್ನ ಹದಿನೈದು ದಿವಸ ಟ್ರ್ಯಾಕ್ಟರ್ ಕರೀಬ್ಯಾಡೋ ಮಾವಾ ಅಂತ ಹೇಳಿ ಬಂದೇನಿ. ನಾಳೆ ಮುಂಜಾನೆ ಕುರ್ಪಿ ತಗೊಂಡು ಅವರ ಹೊಲಕ್ಕ ಹೊಂಟೇನಿ. ನಾಕೈದು ಕಡೆ ಬುಡ ಅಗದು, ಬೇರು ಬೆಳ್ಳಗ ಅದಾವೋ ಕರ್ರಗಾಗ್ಯಾವೋ ನೋಡಬೇಕು. ಕರ್ರಗಿದ್ದರೆ ಅದನ್ನೂ ಹೇಳಬೇಕಲ್ಲ.