ಲಾಳವೂ ಅರ್ಧ ಪಾಠವೂ

ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಓದುವ ಈ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಯ ಫಲಿತಾಂಶವನ್ನೋ ಕಟ್ಟಡ ನಿಧಿಯ ಸಂಗತಿಯನ್ನೋ ಬರೆಯುವುದು ವಾಡಿಕೆ. ಈ ಸಲ ನಾನು ಒಂದು ಕುದುರೆಯ ಕಾಲನ್ನು ಕುರಿತು ಬರೆಯಲು ಅಪ್ಪಣೆ ಬೇಡುತ್ತೇನೆ. ನನ್ನದೊಂದು ತಪ್ಪು ಅದರಲ್ಲಿ ಸೇರಿರುವುದರಿಂದ ಅದನ್ನು ನಾನೇ ಹೇಳುವುದು ಲೇಸು.

ಹೋದ ವರುಷ ಬೆಳಗಿನ ಸಭೆಯಲ್ಲಿ ಸರಳತೆಯ ವಿಷಯವಾಗಿ ಮಾತನಾಡುತ್ತ, 2021ರಲ್ಲಿ ಟೋಕಿಯೊ ನಗರದಲ್ಲಿ ನಡೆದ ಒಲಿಂಪಿಕ್ ಕೂಟದ ಒಂದು ಸಂಗತಿಯನ್ನು ಹೇಳಿದೆನು. ಕುದುರೆಗಳು ತಡೆಗಳನ್ನು ಹಾರುವ ಪಂದ್ಯದಲ್ಲಿ ಸ್ವೀಡನ್ ದೇಶದ ತಂಡವು ಚಿನ್ನದ ಪದಕವನ್ನು ಗೆದ್ದಿತು. ಆ ತಂಡದ ಮೂರು ಕುದುರೆಗಳಲ್ಲಿ ಕಿಂಗ್ ಎಡ್ವರ್ಡ್, ಆಲ್ ಇನ್ ಎಂಬ ಎರಡು ಲಾಳವಿಲ್ಲದೆ ಬರಿಗಾಲಿನಲ್ಲಿಯೇ ಹಾರಿದವು. “ನೋಡಿರಿ, ಹುಟ್ಟಿನಿಂದ ಬಂದ ಗೊರಸೇ ಸಾಕಾಯಿತು” ಎಂದು ಮುಗಿಸಿದೆನು. ಹುಡುಗಿಯರು ಮೆಚ್ಚಿದರು, ನನಗೂ ಸಂತೋಷವಾಯಿತು.

ಆ ಸಭೆಯಲ್ಲಿದ್ದ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಮನೆಯವರು ಬೆಂಗಳೂರಿನ ಹೊರವಲಯದಲ್ಲಿ ಚಂಪಾ ಎಂಬ ಹೆಣ್ಣು ಕುದುರೆಯನ್ನು ಸಾಕಿದ್ದಾರೆ. ಎರಡು ವರುಷಗಳಿಂದ ಅದಕ್ಕೆ ಲಾಳವಿರಲಿಲ್ಲ. ಜುಲೈ ತಿಂಗಳ ಮಳೆಯಲ್ಲಿ ಹುಲ್ಲಿನ ಬಯಲಿನಲ್ಲಿ ತಡೆ ಹಾರಿಸುವ ಅಭ್ಯಾಸ ನಡೆದಿರುವಾಗ ಕುದುರೆಯಾಳು, “ನೆಲ ಜಾರುತ್ತದವ್ವಾ, ಈ ಹುಲ್ಲಿಗೆ ಬರಿಗಾಲು ಬೇಡ” ಎಂದನಂತೆ. ಹುಡುಗಿಯು, “ನಮ್ಮ ಮಿಸ್ ಹೇಳಿದ್ದಾರೆ, ಲಾಳ ಬೇಕಾಗಿಲ್ಲ” ಎಂದು ಮುಂದೆ ಹೋದಳು. ಎರಡನೆಯ ತಡೆಯನ್ನು ಹಾರಿ ಎಡಕ್ಕೆ ತಿರುಗುವಾಗ ಚಂಪಾಳ ಹಿಂಗಾಲು ಜಾರಿ ಅದು ಪಕ್ಕಕ್ಕೆ ಬಿದ್ದಿತು. ಕುದುರೆಗೆ ತರಚುಗಾಯ, ಹುಡುಗಿಗೆ ಮಣಿಕಟ್ಟಿನ ಮೂಳೆ ಮುರಿಯಿತು.

ಮಾರನೆಯ ದಿನ ಆಕೆಯ ತಾಯಿ ನನ್ನ ಕೋಣೆಗೆ ಬಂದರು. ಜಗಳವಾಡಲಿಲ್ಲ. “ಮೇಡಮ್, ಮಿಸ್ ಹೇಳಿದ್ದು ಸುಳ್ಳೇ ಎಂದು ಮಗಳು ಕೇಳುತ್ತಿದ್ದಾಳೆ, ಏನೆಂದು ಹೇಳಲಿ?” ಎಂದರು. ನನಗೆ ಉತ್ತರ ತೋಚಲಿಲ್ಲ. ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ಟೋಕಿಯೊದ ಅಂಕಣವು ಹುಲ್ಲಿನದಲ್ಲ; ಕುದುರೆಗಳಿಗೆಂದೇ ಹದಮಾಡಿ ಹಾಸಿದ ಮರಳಿನದು. ಅದನ್ನು ನಾನು ಹೇಳಿರಲಿಲ್ಲ, ವಿಚಾರಿಸಿಯೂ ಇರಲಿಲ್ಲ. ನಾಚಿಕೆಯ ಮಾತೇನೆಂದರೆ, ನಾನು ಲಾಳ ಹೊಡೆಯುವವರ ಮಗಳು. ಮೈಸೂರಿನಲ್ಲಿ ನನ್ನ ತಂದೆಯವರು ಜೀವಮಾನವೆಲ್ಲ ಕುದುರೆಗಳ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ದುಡಿದ ಹಣದಿಂದಲೇ ನಾನು ವಸತಿಗೃಹದಲ್ಲಿದ್ದು ಓದಿದೆನು.

ಅಪ್ಪನನ್ನು ಕರೆದುಕೊಂಡು ಚಂಪಾಳ ಲಾಯಕ್ಕೆ ಹೋದೆನು. ಅವರಿಗೀಗ ಎಪ್ಪತ್ತೆಂಟು ವರುಷ. ಸುತ್ತಿಗೆ ಹಿಡಿಯಲಾರರು, ಆದರೆ ಕೈಯಲ್ಲಿ ಲೆಕ್ಕವಿದೆ. ನಾಲ್ಕು ಕಾಲನ್ನೂ ಎತ್ತಿಸಿ, ಗೊರಸಿನ ಗೋಡೆಯನ್ನೂ ಅಡಿಯನ್ನೂ ನಡುವಿನ ಮೂರು ಮೂಲೆಯ ಮೆತ್ತನೆಯ ಭಾಗವನ್ನೂ ಒತ್ತಿ ನೋಡಿದರು. ಜಲ್ಲಿಯ ಮೇಲೆ ನಡೆಸಿದರು. ಚಂಪಾ ಅಳುಕದೆ ನಡೆಯಿತು. “ಕಾಲು ಬಲವಾಗಿದೆ ಮಗಳೇ. ಗೊರಸನ್ನು ಕಾಪಾಡುವುದಕ್ಕೆ ಲಾಳ ಬೇಡ. ಉಳಿದ ಪ್ರಶ್ನೆ ಒಂದೇ, ಹಿಡಿತದ್ದು” ಎಂದರು.

ಆಮೇಲೆ, ಕೈಗೆ ಕಟ್ಟು ಹಾಕಿಸಿಕೊಂಡು ನಿಂತಿದ್ದ ಹುಡುಗಿಗೆ ತಿಳಿಯಹೇಳಿದರು. ಬರಿಯ ನಯವಾದ ಕಬ್ಬಿಣವನ್ನು ಹೊಡೆದರೆ ಒದ್ದೆ ಹುಲ್ಲಿನ ಮೇಲೆ ಕುದುರೆ ಇನ್ನಷ್ಟು ಜಾರಬಹುದು. ಹುಲ್ಲನ್ನು ಹಿಡಿಯುವುದು ಲಾಳವಲ್ಲ. ಲಾಳದ ಹಿಂತುದಿಗಳಲ್ಲಿ ತೂತು ಕೊರೆದು ತಿರುಪಿ ಕೂರಿಸುವ, ಸವಾರರು ಸ್ಟಡ್ ಎನ್ನುವ ಉಕ್ಕಿನ ಗುಬಟು. ಗಟ್ಟಿ ನೆಲಕ್ಕೆ ಚಿಕ್ಕದು, ಚೂಪಾದದ್ದು; ಮೆತ್ತನೆಯ ನೆಲಕ್ಕೆ ದಪ್ಪನಾದದ್ದು. ಅದಕ್ಕೂ ಬೆಲೆಯುಂಟು. ಕಾಲು ನೆಲಕ್ಕೆ ತಾಗಿದಾಗ ಸ್ವಲ್ಪ ಸರಿಯಬೇಕು. ಗುಬಟು ಅತಿಯಾದರೆ ಕಾಲು ಥಟ್ಟನೆ ನಿಂತು ಕೀಲಿಗೂ ನರಕ್ಕೂ ಪೆಟ್ಟು. ಆದುದರಿಂದ ಹಾರಿ ಮುಗಿದೊಡನೆ ಅದನ್ನು ತೆಗೆದುಬಿಡಬೇಕು. ಗೊರಸು ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ಆರರಿಂದ ಎಂಟು ವಾರಗಳಿಗೊಮ್ಮೆ ಲಾಳ ಬಿಚ್ಚಿ, ಗೊರಸು ಕೊರೆದು, ಮತ್ತೆ ಹೊಡೆಯಬೇಕು.

“ಹಾಗಾದರೆ ಹೊಡೆಸುವುದೋ ಬೇಡವೋ ತಾತಾ?” ಎಂದು ಹುಡುಗಿ ಕೇಳಿದಳು.

“ಪಂದ್ಯದ ದಿನ ನಿನ್ನ ಸರದಿ ಎಷ್ಟು ಗಂಟೆಗೆ?” ಎಂದರು ಅಪ್ಪ.

ಡಿಸೆಂಬರಿನ ಪಂದ್ಯ, ಬೆಳಗ್ಗೆ ಎಂಟಕ್ಕೆ. ಆ ತಿಂಗಳಲ್ಲಿ ಆ ಹೊತ್ತಿಗೆ ನಮ್ಮ ಕಡೆಯ ಹುಲ್ಲಿನ ಮೇಲೆ ಇಬ್ಬನಿ ಇನ್ನೂ ಆರಿರುವುದಿಲ್ಲ. ಅಪ್ಪ ಆಗಲೂ ತೀರ್ಪು ಕೊಡಲಿಲ್ಲ. “ಕೈ ವಾಸಿಯಾದ ಮೇಲೆ ಅದೇ ಹುಲ್ಲಿನಲ್ಲಿ ಚಿಕ್ಕ ತಡೆಯಿಟ್ಟು, ಒಂದು ದಿನ ಮುಂಜಾನೆ, ಒಂದು ದಿನ ಮಧ್ಯಾಹ್ನ ನಿಧಾನವಾಗಿ ನೋಡು. ಕುದುರೆಯೇ ಹೇಳುತ್ತದೆ” ಎಂದರು.

ಅಕ್ಟೋಬರ್ ತಿಂಗಳೆಲ್ಲ ಹುಡುಗಿಯು ಅಂತೆಯೇ ಮಾಡಿ, ವಿಜ್ಞಾನದ ಪ್ರಯೋಗದಂತೆ ಒಂದು ಪುಸ್ತಕದಲ್ಲಿ ಬರೆದಿಟ್ಟಳು. ಒಣಗಿದ ಹುಲ್ಲಿನ ಮೇಲೆ ಚಂಪಾ ಒಮ್ಮೆಯೂ ಜಾರಲಿಲ್ಲ. ಒದ್ದೆ ಹುಲ್ಲಿನಲ್ಲಿ ನೇರವಾಗಿ ಹಾರಿದಾಗಲೂ ಜಾರಲಿಲ್ಲ. ತಿರುವುಗಳಲ್ಲಿ ಮಾತ್ರ ನಾಲ್ಕು ಸಲ ಜಾರಿತು, ಮತ್ತು ಆ ಮೇಲೆ ತಡೆಯ ಮುಂದೆ ಹೆಜ್ಜೆ ಹಿಂಜರಿಯಿತು. ಆ ಹಿಂಜರಿಕೆಯನ್ನು ಓದಿ ಹೇಳುವಾಗ ಹುಡುಗಿಯ ಕಣ್ಣು ತುಂಬಿತು. “ಅದಕ್ಕೆ ಹೆದರಿಕೆಯಾಗುತ್ತಿದೆ ಮಿಸ್. ಲಾಳ ಹೊಡೆಸಿಬಿಡೋಣ” ಎಂದಳು. ಬರಿಗಾಲಿನ ಕುದುರೆಯೆಂಬ ಹೆಮ್ಮೆಯನ್ನು ಬಿಡಲು ಆಕೆಗೆ ಎಷ್ಟು ಕಷ್ಟವಾಯಿತೆಂದು ಬಲ್ಲೆನು. ಆ ಹೆಮ್ಮೆಯನ್ನು ಕೊಟ್ಟವಳು ನಾನೇ.

ಪಂದ್ಯದ ಹಿಂದಿನ ದಿನವಲ್ಲ, ಚಂಪಾಳಿಗೆ ರೂಢಿಯಾಗಲೆಂದು ನವೆಂಬರ್ ಮೊದಲ ವಾರದಲ್ಲಿಯೇ ನಾಲ್ಕು ಕಾಲಿಗೂ ಲಾಳ ಹೊಡೆಸಿದರು. ಒಬ್ಬ ತರುಣನು ಹೊಡೆದನು. ಅಪ್ಪ ಮೊಳೆ ಮೊಳೆಯನ್ನೂ ನೋಡುತ್ತ ಕುಳಿತಿದ್ದರು. ಡಿಸೆಂಬರಿನಲ್ಲಿ ಚಿಕ್ಕ ಗುಬಟುಗಳೊಡನೆ ಇಬ್ಬನಿಯ ಹುಲ್ಲಿನ ಮೇಲೆ ಹಾರಿ, ಒಂದು ಅಡ್ಡಕೋಲನ್ನು ಕೆಡವಿದರೂ ಇಬ್ಬರೂ ಸುಕ್ಷೇಮವಾಗಿ ಹಿಂದಿರುಗಿದರು. ಬಹುಮಾನ ಬರಲಿಲ್ಲ. ಫೆಬ್ರವರಿಯಲ್ಲಿ ಪಂದ್ಯಗಳು ಮುಗಿದ ಮೇಲೆ ಲಾಳಗಳನ್ನು ಬಿಚ್ಚಿಸಿದರು. ಚಂಪಾ ಈಗ ಮತ್ತೆ ಬರಿಗಾಲಿನಲ್ಲಿದೆ.

ಪಂದ್ಯದ ಮರುದಿನ ಬೆಳಗಿನ ಸಭೆಯಲ್ಲಿ ನಾನು ಹಳೆಯ ಮಾತನ್ನೇ ಮತ್ತೆ ಎತ್ತಿ, ಬಿಟ್ಟುಹೋದ ಮರಳಿನ ಸಂಗತಿಯನ್ನು ಸೇರಿಸಿ, ಕುದುರೆಯಾಳು ಹೇಳಿದ್ದೇ ಸರಿಯಾಗಿತ್ತೆಂದು ಎಲ್ಲರ ಮುಂದೆ ಒಪ್ಪಿಕೊಂಡೆನು. ಪ್ರಿಯ ಪೋಷಕರೇ, ನಿಮ್ಮ ಮಕ್ಕಳು ಮನೆಗೆ ಬಂದು “ಮಿಸ್ ಹೇಳಿದ್ದಾರೆ” ಎಂದಾಗ, ಮಿಸ್ ಯಾವ ನೆಲದ ವಿಷಯವಾಗಿ ಹೇಳಿದರೆಂದು ದಯವಿಟ್ಟು ಕೇಳಿರಿ. ಅದು ತಿಳಿಯದೆ ಹೋದರೆ ನನ್ನ ಬಳಿಗೆ ಕಳುಹಿಸಿರಿ. ಇನ್ನು ಮುಂದೆ ವಿಚಾರಿಸಿಯೇ ಹೇಳುತ್ತೇನೆ.