ಪುಟ ಎಲ್ಲಿದೆ?

ನಮ್ಮ ಸಣ್ಣ ಸಾಹಿತ್ಯ ಪತ್ರಿಕೆಯ ಜಾಲತಾಣ ನಡೆಯುವುದು ವರ್ಡ್‌ಪ್ರೆಸ್‌ನಲ್ಲಿ. ಸರ್ವರ್‌ನ ಫೋಲ್ಡರ್‌ಗಳನ್ನೆಲ್ಲ ತೆರೆದು ನೋಡಿದರೂ ಒಂದೇ ಒಂದು ಲೇಖನದ ಪುಟ ಕಾಣುವುದಿಲ್ಲ. ಚಿತ್ರಗಳಿವೆ, ಥೀಮ್ ಇದೆ, ಪ್ಲಗಿನ್‌ಗಳಿವೆ, ರಾಶಿ ರಾಶಿ ಪಿಎಚ್‌ಪಿ ಫೈಲುಗಳಿವೆ. ಲೇಖನ ಇರುವುದು ಡೇಟಾಬೇಸ್‌ನಲ್ಲಿ, ಅಲ್ಲೂ ಪುಟವಾಗಿ ಅಲ್ಲ, ಕೋಷ್ಟಕದ ಒಂದು ಸಾಲಾಗಿ. ಓದುಗ ಲಿಂಕ್ ಒತ್ತಿದ ಮೇಲೆ ಆ ಸಾಲನ್ನು ಹೊರತೆಗೆದು, ಮೇಲೆ ಮೆನು, ಕೆಳಗೆ ವಿಳಾಸ ಜೋಡಿಸಿ, ಆ ಕ್ಷಣಕ್ಕೆ ಪುಟ ಕಟ್ಟಿ ಕಳಿಸಲಾಗುತ್ತದೆ. ಹಾಗಾದರೆ ಯಾರೂ ಓದದ ಹೊತ್ತಿನಲ್ಲಿ ಪತ್ರಿಕೆ ಯಾವ ರೂಪದಲ್ಲಿದೆ? ಅಚ್ಚಿನ ಮನೆಯಿಂದ ಬಂದ ನನಗೆ ಈ ಪ್ರಶ್ನೆ ಇನ್ನೂ ಬಗೆಹರಿದಿಲ್ಲ.

*

ಡೇಟಾಬೇಸ್‌ನಲ್ಲಿ ಮೂಲತಃ 12 ಕೋಷ್ಟಕಗಳು. ‘ಪೋಸ್ಟ್ಸ್’ ಎಂಬ ಕೋಷ್ಟಕದಲ್ಲಿ ಬರಹಗಳಷ್ಟೇ ಇರಬೇಕಲ್ಲವೆ? ಮೆನುವಿನ ಒಂದೊಂದು ಕೊಂಡಿ, ಅಪ್‌ಲೋಡ್ ಆದ ಒಂದೊಂದು ಚಿತ್ರದ ದಾಖಲೆ, ಎಲ್ಲವೂ ಅಲ್ಲೇ. ಜೊತೆಗೆ ಹಳೆಯ ಕರಡುಗಳು. ತಿದ್ದಿ ಉಳಿಸಿದಾಗಲೆಲ್ಲ ಒಂದು ಪ್ರತಿ ಒಳಗೆ ಸೇರುತ್ತದೆ, ನಾವಾಗಿ ಮಿತಿ ಹಾಕದಿದ್ದರೆ ಲೆಕ್ಕವಿಲ್ಲದಷ್ಟು. ಭಾರ ಇಳಿಸಲು ಅವನ್ನು ಅಳಿಸಿಬಿಡಿ ಎಂದು ಬಲ್ಲವರು ಹೇಳುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಕವಿ ಒಂದು ಪದ ತೆಗೆದು, ಇನ್ನೊಂದು ಹಾಕಿ, ಮತ್ತೆ ಮೊದಲಿನದಕ್ಕೇ ಮರಳಿದ್ದು ಅಲ್ಲಿ ತಾರೀಖು, ಗಂಟೆ ಸಮೇತ ಇದೆ. ಕಾಗದದ ಕಾಲದಲ್ಲಿ ಇದು ಕಸದ ಬುಟ್ಟಿಗೆ ಹೋಗುತ್ತಿತ್ತು. ಮುಂದೊಂದು ದಿನ ಸಮಗ್ರ ಸಂಪುಟ ಮಾಡುವವರು ಇದಕ್ಕಾಗಿಯೇ ಹಂಬಲಿಸುತ್ತಾರೆ.

*

ಬೆಳಗ್ಗೆ 6ಕ್ಕೆ ಎಂದು ಗೊತ್ತುಮಾಡಿಟ್ಟ ಲೇಖನ ಕೆಲವೊಮ್ಮೆ ಏಳಾದರೂ ಪ್ರಕಟವಾಗುವುದಿಲ್ಲ. ಕಾರಣ ವಿಚಿತ್ರ: ಈ ವ್ಯವಸ್ಥೆ ಗಡಿಯಾರ ನೋಡುತ್ತಾ ಕೂತಿರುವುದಿಲ್ಲ. ಯಾರಾದರೂ ತಾಣಕ್ಕೆ ಬಂದಾಗ ಮಾತ್ರ ಬಾಕಿ ಕೆಲಸವೇನಾದರೂ ಇದೆಯೇ ಎಂದು ನೋಡಿಕೊಳ್ಳುತ್ತದೆ. ಓದುಗ ಬಂದರೆ ಲೇಖನ ಹೊರಬರುತ್ತದೆ. ಲೇಖನ ಹೊರಬರದೆ ಓದುಗ ಯಾಕೆ ಬಂದಾನು? ಅಗ್ಗದ ಹೋಸ್ಟಿಂಗ್‌ನಲ್ಲೂ ನಡೆಯಲಿ ಎಂದು ಮಾಡಿದ ಏರ್ಪಾಟು ಇದು. ಗಡಿಯಾರ ನೋಡಿಯೇ ಕೆಲಸ ಮಾಡುವ ಸರ್ವರ್‌ನ ಕ್ರಾನ್‌ಗೆ ಇದನ್ನು ಒಪ್ಪಿಸಿದರೆ ಹೊತ್ತಿಗೆ ಸರಿಯಾಗಿ ಆಗುತ್ತದೆ.

*

ಒಂದಕ್ಷರ ಹೊಸದಾಗಿ ಬರೆಯದಿದ್ದರೂ ಅಪ್‌ಡೇಟ್ ಮಾಡುತ್ತಲೇ ಇರಬೇಕು. ವರ್ಡ್‌ಪ್ರೆಸ್‌ನ 2013ರ 3.7ನೇ ಆವೃತ್ತಿಯಿಂದ ಸಣ್ಣಪುಟ್ಟ ಭದ್ರತಾ ತಿದ್ದುಪಡಿಗಳು ತಾವಾಗಿಯೇ ಬಂದು ಕೂರುತ್ತವೆ. ಪ್ಲಗಿನ್ ಬರೆದವರು ಅದನ್ನು ಕೈಬಿಟ್ಟರೆ ಏನು ಮಾಡುವುದು ಎನ್ನುವುದಕ್ಕೆ ಮಾತ್ರ ನೆಟ್ಟಗಿನ ಉತ್ತರ ಸಿಕ್ಕಿಲ್ಲ.

*

ಕನ್ನಡದ ಶೀರ್ಷಿಕೆ ಕೊಟ್ಟರೆ ಪುಟದ ವಿಳಾಸವೂ ಕನ್ನಡದಲ್ಲೇ ಆಗುತ್ತದೆ. ಬ್ರೌಸರ್‌ನಲ್ಲಿ ಅಂದವಾಗಿ ಕಾಣುತ್ತದೆ. ಅದನ್ನೇ ನಕಲು ಮಾಡಿ ವಾಟ್ಸಾಪ್‌ಗೆ ಅಂಟಿಸಿದರೆ ಸಾಮಾನ್ಯವಾಗಿ ಬರುವುದು ಶೇಕಡಾ ಗುರುತುಗಳ ಉದ್ದನೆಯ ಸಾಲು. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಯುಟಿಎಫ್-8ರ ಪ್ರಕಾರ 3 ಬೈಟ್ ಬೇಕು. ವಿಳಾಸದಲ್ಲಿ ಒಂದೊಂದು ಬೈಟ್ ಮೂರು ಅಕ್ಷರಗಳಾಗುತ್ತದೆ. ಅಲ್ಲಿಗೆ 9. ವರ್ಡ್‌ಪ್ರೆಸ್ ಇದಕ್ಕೆಂದು ಇಟ್ಟಿರುವ ಜಾಗ 200. ಅಂದರೆ 22 ಸಂಕೇತಕ್ಕೆ ಕತ್ತರಿ. ‘ಸ್ತ್ರೀ’ ಎಂದು ಬರೆದರೆ ನಮ್ಮ ಕಣ್ಣಿಗೆ ಒಂದಕ್ಷರ. ಒಳಗೆ ಸ, ತ, ರ, ಎರಡು ಹಲಂತ, ಒಂದು ದೀರ್ಘದ ಚಿಹ್ನೆ, ಒಟ್ಟು 6. ವಿಳಾಸದಲ್ಲಿ ಅದೊಂದೇ 54 ಜಾಗ ತಿನ್ನುತ್ತದೆ. ಹೀಗಾಗಿ ಮೂರ್ನಾಲ್ಕು ಪದದ ಶೀರ್ಷಿಕೆಯ ವಿಳಾಸ ಪದದ ನಡುವೆಯೇ ತುಂಡಾಗುತ್ತದೆ. ಇಂಗ್ಲಿಷ್ ಶೀರ್ಷಿಕೆಗಾದರೆ 200 ಧಾರಾಳ.

2003ರಲ್ಲಿ ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್ ಹೊರತಂದಾಗ ನಮ್ಮ ಒತ್ತಕ್ಷರಗಳು ಅವರ ಕಣ್ಣ ಮುಂದೆ ಇದ್ದಿರಲಾರವು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಇದರ ಒಳಬರಹವೆಲ್ಲ ಬಿಚ್ಚಿಟ್ಟದ್ದು, ಯಾರು ಬೇಕಾದರೂ ಓದಿ ತಿದ್ದಬಹುದು. 200 ಎಂಬ ಅಂಕಿಯನ್ನು ಯಾರೋ ಒಬ್ಬರು ಎಂದೋ ಬರೆದದ್ದು. ಇಷ್ಟು ಜನ ಕನ್ನಡದ ಎಂಜಿನಿಯರುಗಳಿರುವಾಗ, ಇದು ನಮಗೆ ಸಾಲದು ಎಂದು ಗಟ್ಟಿಯಾಗಿ ಹೇಳುವುದು ನಮ್ಮದೇ ಕೆಲಸವಲ್ಲವೆ?

*

ಹಳೆಯ ಸಂಚಿಕೆಗಳನ್ನು ಬೆರಳಚ್ಚು ಮಾಡಿದ್ದು ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ. ಕಣ್ಣಿಗೆ ಕನ್ನಡ, ಕಡತದೊಳಗೆ ಲ್ಯಾಟಿನ್ ಗುರುತುಗಳು. ಫಾಂಟ್ ಬಿಟ್ಟು ಪಠ್ಯವನ್ನಷ್ಟೇ ಎಡಿಟರ್‌ಗೆ ತಂದರೆ ಭಾಷೆಯೇ ಮಾಯ. ಪರಿವರ್ತಕಕ್ಕೆ ಹಾಕಿದ ಮೇಲೂ ಅರ್ಕಾವೊತ್ತುಗಳನ್ನು ಒಂದೊಂದಾಗಿ ಕಣ್ಣಾರೆ ನೋಡಬೇಕು. ನಿಧಾನದ ಕೆಲಸ, ಆದರೆ ಹುಡುಕಿದರೆ ಸಿಗುವಂತಾಗಲು ಬೇರೆ ದಾರಿಯಿಲ್ಲ.

*

ಹುಡುಕಿದರೆ ಸಿಗುತ್ತದೆಯೆ? ‘ಊರು’ ಎಂದು ಕೊಟ್ಟರೆ, ‘ಊರಿನ’, ‘ಊರಿಗೆ’ ಎಂದಷ್ಟೇ ಇರುವ ಲೇಖನ ಬರುವುದಿಲ್ಲ. ಕೊಟ್ಟ ಅಕ್ಷರಗಳು ಹಾಗೇ ಸಾಲಾಗಿ ಎಲ್ಲಾದರೂ ಇವೆಯೇ ಎಂದು ನೋಡುವುದಷ್ಟೇ ವರ್ಡ್‌ಪ್ರೆಸ್‌ನ ಹುಡುಕಾಟಕ್ಕೆ ಗೊತ್ತು. ‘ಮನೆ’ಗೆ ತೊಂದರೆಯಿಲ್ಲ, ‘ಮನೆಯಲ್ಲಿ’ಯೂ ಬರುತ್ತದೆ, ‘ಮನೆತನ’ವೂ ಬರುತ್ತದೆ. ಕಾಡು, ನಾಡು, ಹಾಡು ಮಾತ್ರ ಪ್ರತ್ಯಯ ಹತ್ತಿದೊಡನೆ ಕೊನೆಯ ಉಕಾರ ಕಳಚಿಕೊಂಡು ಜಾರಿಹೋಗುತ್ತವೆ. ಕನ್ನಡ ಪತ್ರಿಕೆಯಲ್ಲಿ ಇವೇ ಸಿಗದಿದ್ದರೆ ಹೇಗೆ? ಒಂದು ಉಪಾಯವುಂಟು. ಸ್ವರಚಿಹ್ನೆ ಒಳಗೆ ಬೇರೆಯೇ ಸಂಕೇತವಾದ್ದರಿಂದ ‘ಊರ’ ಎಂದಷ್ಟೇ ಕೊಟ್ಟರೆ ಊರು, ಊರಿನ, ಊರಲ್ಲಿ ಎಲ್ಲವೂ ಬರುತ್ತವೆ. ವಿಭಕ್ತಿ ಬಲ್ಲ ಹುಡುಕಾಟ ಬರುವವರೆಗೆ ಇರಲಿ ಎಂದು ನಮ್ಮ ಹುಡುಕು ಪೆಟ್ಟಿಗೆಯ ಕೆಳಗೆ ಒಂದು ಸಾಲು ಹಾಕಿಸಿದ್ದೇನೆ: ‘ಪದದ ಕೊನೆಯ ಉಕಾರ ಬಿಟ್ಟು ಹುಡುಕಿ.’